ಹಳೆ ಜೀಪಿನ ಸ್ಟಾಪರ್ ಬೋಲ್ಟು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಡಾಕ್ಟರು ಇದ್ದರು, ಬ್ಯಾಂಕಿನವರು ಇದ್ದರು. ಅವರು ಆರೋಗ್ಯ, ಉಳಿತಾಯ ಎಂದು ದೊಡ್ಡ ವಿಷಯಗಳನ್ನು ಹೇಳಿದರು. ನನ್ನದು ಗ್ಯಾರೇಜು. "ನಿನಗೆ ಗೊತ್ತಿರೋದನ್ನೇ ಹೇಳಪ್ಪ, ಮಕ್ಕಳಿಗೆ ಉಪಯೋಗ ಆಗ್ಲಿ" ಎಂದು ಮೇಷ್ಟ್ರು ಹೇಳಿದ್ದಾರೆ. ಹಾಗಾಗಿ ಹಳೆ ಫೋರ್ ವೀಲ್ ಜೀಪಿನಲ್ಲಿ ಇರುವ ಒಂದು ಬೋಲ್ಟಿನ ಬಗ್ಗೆ ಮಾತಾಡುತ್ತೇನೆ. ಎರಡು ಬೋಲ್ಟು ಎನ್ನಬೇಕು, ಎಡಕ್ಕೊಂದು ಬಲಕ್ಕೊಂದು. ನಮ್ಮ ಕಡೆ ಇದನ್ನು ಸ್ಟಾಪರ್ ಬೋಲ್ಟು ಎನ್ನುತ್ತೇವೆ. ಉದ್ದ ಹೆಬ್ಬೆರಳಿನಷ್ಟು. ಗ್ಯಾರೇಜಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ತಮ್ಮ ಗಾಡಿಯಲ್ಲಿ ಅಂಥದ್ದೊಂದು ಇದೆ ಎಂದೇ ಗೊತ್ತಿರುವುದಿಲ್ಲ.

ಮೊದಲು ಜೀಪಿನ ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಮಾಡಿದ ವಿಲ್ಲೀಸ್ ಗಾಡಿಯೇ ಇದರ ಮೂಲ. 1945ರಲ್ಲಿ ಲೂಧಿಯಾನದಲ್ಲಿ ಶುರುವಾದ ಮಹೀಂದ್ರ ಕಂಪನಿ ಮುಂದೆ ವಿಲ್ಲೀಸ್‌ನಿಂದ ಅನುಮತಿ ಪಡೆದು ಅದೇ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಿ, ಆಮೇಲೆ ತಾನೇ ತಯಾರಿಸಿತು. ಸಿಜೆ-3ಬಿ ಎಂಬ ಎತ್ತರದ ಬಾನೆಟ್ಟಿನ ಜೀಪನ್ನು ನಿಮ್ಮ ತಾತಂದಿರು ನೋಡಿರುತ್ತಾರೆ. ಆಮೇಲೆ ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂಎಂ 540 ಬಂತು. ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟಗಳಲ್ಲಿ, ಭೀಮಸಮುದ್ರದ ಕಡೆಯ ಅದಿರಿನ ದಾರಿಗಳಲ್ಲಿ, ಜೋಗಿಮಟ್ಟಿಯಂಥ ಗುಡ್ಡದ ರಸ್ತೆಗಳಲ್ಲಿ ಇವು ದುಡಿದಿವೆ. ಇಲಾಖೆಗಳ ಹರಾಜಿನಲ್ಲಿ ಕೊಂಡ ಜೀಪುಗಳೂ ಉಂಟು. ಆದರೆ ಹರಾಜಿನ ಜೀಪುಗಳಲ್ಲಿ ಎಷ್ಟೋ ಗಾಡಿಗಳಿಗೆ ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುತ್ತದೆ. ನಾನು ಹೇಳುತ್ತಿರುವುದು ಮುಂದಿನ ಆಕ್ಸಲ್ಲಿಗೂ ಎಂಜಿನ್ನಿನ ಶಕ್ತಿ ಹೋಗುವ ಗಾಡಿಗಳ ವಿಷಯ.

ಸ್ಟೇರಿಂಗ್ ತಿರುಗಿಸಿದರೆ ಏನಾಗುತ್ತದೆ? ಸ್ಟೇರಿಂಗ್ ಕಂಬದ ಬುಡದಲ್ಲಿ ಒಂದು ಗೇರ್ ಡಬ್ಬಿ ಇದೆ, ಅದನ್ನು ಸ್ಟೇರಿಂಗ್ ಬಾಕ್ಸ್ ಎನ್ನುತ್ತಾರೆ. ನಿಮ್ಮ ಕೈಯ ಸುತ್ತು ಅಲ್ಲಿ ಒಂದು ತೋಳಿನ ಓಲಾಟವಾಗುತ್ತದೆ. ಆ ತೋಳು ಡ್ರಾಗ್ ಲಿಂಕ್ ಎಂಬ ಸಲಾಕೆಯನ್ನು ಎಳೆಯುತ್ತದೆ ಅಥವಾ ನೂಕುತ್ತದೆ. ಅಲ್ಲಿಂದ ಟೈ ರಾಡ್. ಟೈ ರಾಡ್ ಎರಡು ಚಕ್ರಗಳನ್ನೂ ಕೈ ಹಿಡಿದು ಒಟ್ಟಿಗೆ ತಿರುಗಿಸುತ್ತದೆ. ಚಕ್ರ ಕೂತಿರುವ ತಿರುಗುವ ಗೆಣ್ಣಿಗೆ ನಕಲ್ ಎಂದು ಹೆಸರು. ಆ ಗೆಣ್ಣು ಎಷ್ಟು ತಿರುಗಬಹುದು, ಎಲ್ಲಿ ನಿಲ್ಲಬೇಕು ಎಂದು ಹೇಳುವುದೇ ಸ್ಟಾಪರ್ ಬೋಲ್ಟು. ಮಾದರಿಗೆ ತಕ್ಕಂತೆ ಅದು ಗೆಣ್ಣಿನ ಮೇಲೆ ಇರಬಹುದು, ಆಕ್ಸಲ್ ಹೌಸಿಂಗಿನ ತುದಿಯಲ್ಲಿ ಇರಬಹುದು. ಬೋಲ್ಟಿನ ತಲೆ ಎದುರಿನ ಕಬ್ಬಿಣದ ಉಬ್ಬಿಗೆ ಬಂದು ತಗಲುತ್ತದೆ, ಚಕ್ರ ನಿಲ್ಲುತ್ತದೆ. ಬೋಲ್ಟು ತಾನಾಗಿ ತಿರುಗದಂತೆ ಅದರ ಕೊರಳಿಗೆ ಒಂದು ಚೆಕ್ ನಟ್ ಇರುತ್ತದೆ. ಇಷ್ಟೇ ಯಂತ್ರ.

ನಮ್ಮೂರು ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗ, ರಾಯದುರ್ಗದ ಕಡೆಗೆ ಹಳಿ ಕವಲೊಡೆಯುವುದು ಇಲ್ಲೇ. ರೈಲಿನ ಸೈಡಿಂಗ್ ಹಳಿ ಮುಗಿಯುವ ಕಡೆ ಅಡ್ಡ ತಡೆ ಕಟ್ಟಿರುತ್ತಾರಲ್ಲ, ಅದನ್ನು ನೀವೆಲ್ಲ ನೋಡಿದ್ದೀರಿ. ಆ ತಡೆ ಇಲ್ಲದಿದ್ದರೂ ವ್ಯಾಗನ್ ನಿಲ್ಲುತ್ತದೆ. ಎಲ್ಲಿ? ಮಣ್ಣಿನಲ್ಲಿ, ಇಲ್ಲವೇ ಯಾರದೋ ಗೋಡೆಗೆ. ಜೀಪಿನ ಚಕ್ರವೂ ಹಾಗೆಯೇ. ಸ್ಟಾಪರ್ ಬೋಲ್ಟು ತೆಗೆದುಹಾಕಿದರೂ ಚಕ್ರ ಒಂದು ಕಡೆ ನಿಲ್ಲಲೇಬೇಕು. ಆಗ ಬೋಲ್ಟಿನ ಕೆಲಸವನ್ನು ಬೇರೆ ಯಾವುದೋ ಭಾಗ ಮಾಡಬೇಕಾಗುತ್ತದೆ. ಆ ಭಾಗವನ್ನು ಆ ಕೆಲಸಕ್ಕೆಂದು ಮಾಡಿರುವುದಿಲ್ಲ.

ಯಾವ ಭಾಗ ಎಂದು ಒಂದೊಂದಾಗಿ ನೋಡೋಣ. ಮೊದಲನೆಯದು ಸ್ಟೇರಿಂಗ್ ಬಾಕ್ಸ್. ಹಳೆ ಜೀಪಿನ ಬಾಕ್ಸಿನ ಒಳಗೆ ಸುರುಳಿ ಕಾಲುವೆ ಕೊರೆದ ಉಕ್ಕಿನ ತುಂಡು ಇದೆ. ಆ ಕಾಲುವೆಯಲ್ಲಿ ಒಂದು ತೋಳಿನ ಮೊಳೆಗಳು ಓಡಾಡುತ್ತವೆ. ಹೊರಗೆ ತಡೆ ಇಲ್ಲದಿದ್ದರೆ ಮೊಳೆ ಕಾಲುವೆಯ ಕೊನೆಗೆ ಹೋಗಿ ಬಡಿಯುತ್ತದೆ. ಚಕ್ರ ಕಲ್ಲಿಗೆ ಹೊಡೆದ ಪೆಟ್ಟೆಲ್ಲ ಸಲಾಕೆಯ ಮೂಲಕ ನೇರ ಆ ಮೊಳೆಗೆ. ಎರಡನೆಯದು ಆಕ್ಸಲ್ ಜಾಯಿಂಟು. ಮೂರನೆಯದು ಟೈರು ಹೋಗಿ ಸ್ಪ್ರಿಂಗ್ ಪಟ್ಟಿಗೆ ಉಜ್ಜುವುದು. ನಾಲ್ಕನೆಯದು ಬ್ರೇಕಿನ ರಬ್ಬರ್ ಹೋಸು. ನನಗೆ ಹೆಚ್ಚು ಹೆದರಿಕೆ ಇರುವುದು ಈ ನಾಲ್ಕನೆಯದರ ಬಗ್ಗೆ. ಅದಕ್ಕೆ ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹತ್ತಿರದ ಹಳ್ಳಿಯ ಅಡಿಕೆ ಬೆಳೆಗಾರರೊಬ್ಬರು ಒಂದು ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಅವರ ತೋಟದ ಮೂಲೆಯಲ್ಲಿ ದಾರಿ ಚಿಕ್ಕದು, ಒಂದೇ ಸಲಕ್ಕೆ ಜೀಪು ತಿರುಗುತ್ತಿರಲಿಲ್ಲ, ಹಿಂದೆ ಮುಂದೆ ಮಾಡಬೇಕಿತ್ತು. "ಇನ್ನೊಂಚೂರು ಕಟ್ ಆಗೋ ಹಂಗೆ ಮಾಡಿಕೊಡಿ" ಎಂದು ಬೇರೊಂದು ಕಡೆ ಕೇಳಿದ್ದಾರೆ. ಅಲ್ಲಿ ಎರಡೂ ಸ್ಟಾಪರ್ ಬೋಲ್ಟು ಬಿಚ್ಚಿ ಕೈಗೆ ಕೊಟ್ಟಿದ್ದಾರೆ. ಜೊತೆಗೆ 6.00-16ರ ಬದಲು 7.00-16 ಟೈರು. ನಿಜ ಹೇಳಬೇಕೆಂದರೆ ಜೀಪು ಮೂಲೆಯಲ್ಲಿ ಒಂದೇ ಸಲಕ್ಕೆ ತಿರುಗಿತು. ಐದಾರು ತಿಂಗಳು ಎಲ್ಲರಿಗೂ ಖುಷಿ. ಆದರೆ ಪ್ರತಿ ಸಲ ಫುಲ್ ಲಾಕ್ ಮಾಡಿದಾಗಲೂ ಬಲಗಡೆಯ ಬ್ರೇಕ್ ಹೋಸು ಅಳತೆ ಮೀರಿ ಎಳೆದು, ತಿರುಚಿಕೊಂಡು, ಸ್ಪ್ರಿಂಗಿನ ಯು ಬೋಲ್ಟಿನ ತುದಿಗೆ ಸವೆಯುತ್ತಿತ್ತು. ಒಂದು ದಿನ ಕೆರೆ ಏರಿಯ ಮೇಲೆ, ಹಿಂದೆ ಅಡಿಕೆ ಮೂಟೆ, ಮೂಟೆಯ ಮೇಲೆ ಇಬ್ಬರು ಕೂಲಿ ಹೆಣ್ಣುಮಕ್ಕಳು, ಎದುರಿಗೆ ಲಾರಿ ಬಂತೆಂದು ರಿವರ್ಸ್ ತೆಗೆದುಕೊಂಡಾಗ ಹೋಸು ಒಡೆದು ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು.

ಆ ಕಾಲದ ಜೀಪಿನ ಬ್ರೇಕು ಒಂದೇ ಕೊಳವೆ ಜಾಲ. ಈಗಿನ ಕಾರುಗಳಂತೆ ಎರಡು ಭಾಗವಾಗಿ ಇರುವುದಿಲ್ಲ. ಒಂದು ಚಕ್ರದ ಹೋಸು ಒಡೆದರೆ ಬ್ರೇಕ್ ಆಯಿಲ್ ಎಲ್ಲ ಅಲ್ಲೇ ಸುರಿದು ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಪುಣ್ಯಕ್ಕೆ ಆ ಜೀಪಿನ ಹ್ಯಾಂಡ್ ಬ್ರೇಕು ಬೇರೆ. ಅದು ಟ್ರಾನ್ಸ್‌ಫರ್ ಗೇರಿನ ಹಿಂದೆ ಇರುವ ಒಂದು ಡ್ರಮ್ಮನ್ನು ಕೇಬಲ್ಲಿನಿಂದ ಹಿಡಿಯುತ್ತದೆ, ಆಯಿಲ್ ಬೇಕಿಲ್ಲ. ಚಾಲಕ ಅದನ್ನು ಎಳೆದ. ಹಿಂದಿನ ಚಕ್ರ ಏರಿಯ ಅಂಚಿನಿಂದ ಮೊಳದಷ್ಟು ಈಚೆ ನಿಂತಿತು. ಆ ಇಬ್ಬರು ಹೆಣ್ಣುಮಕ್ಕಳು ಇಳಿದು ಮನೆಗೆ ನಡೆದುಕೊಂಡು ಹೋದರು. ಅವರಲ್ಲಿ ಒಬ್ಬರು ಇವತ್ತಿಗೂ ಆ ಜೀಪು ಹತ್ತುವುದಿಲ್ಲವಂತೆ. ಜೀಪಿನ ಮಾಲೀಕರಿಗೆ ನಾನು ಹೋಸಿನ ಸವೆದ ಭಾಗ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಆ ಬೋಲ್ಟಿಗೂ ಬ್ರೇಕಿಗೂ ಸಂಬಂಧ ಇದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕಿತ್ತು?" ನ್ಯಾಯವಾದ ಪ್ರಶ್ನೆ. ಗೊತ್ತಿರಬೇಕಾದದ್ದು ಬಿಚ್ಚಿದವರಿಗೆ.

ಇನ್ನು ಆಕ್ಸಲ್ ಜಾಯಿಂಟಿನ ವಿಷಯ. ಇಲ್ಲಿ ಮಕ್ಕಳ ಲೆಕ್ಕದ ಪುಸ್ತಕ ಕೆಲಸಕ್ಕೆ ಬರುತ್ತದೆ. ಫೋರ್ ವೀಲ್ ಗಾಡಿಯ ಮುಂದಿನ ಚಕ್ರಕ್ಕೆ ಎರಡು ಕೆಲಸ. ಅದು ಎಡಬಲ ತಿರುಗಬೇಕು, ಹಾಗೆ ತಿರುಗಿರುವಾಗಲೇ ಎಂಜಿನ್ನಿನ ಶಕ್ತಿಯಿಂದ ಉರುಳಲೂ ಬೇಕು. ಅದಕ್ಕೆ ಆಕ್ಸಲ್ ಸಲಾಕೆಯ ನಡುವೆ ಒಂದು ಮಣಿಯುವ ಕೀಲು ಬೇಕು. ಜೀಪುಗಳಲ್ಲಿ ಉಕ್ಕಿನ ಗುಂಡುಗಳ ಮೇಲೆ ಕೆಲಸ ಮಾಡುವ ಜಾಯಿಂಟುಗಳೂ ಬಂದಿವೆ. ನನ್ನ ಕೈಗೆ ಬಂದವು ಹೆಚ್ಚಾಗಿ ಕ್ರಾಸ್ ಜಾಯಿಂಟು. ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ ನೋಡಿ, ಎರಡು ಕವಲು, ನಡುವೆ ಕೂಡಿಸುವ ಗುರುತಿನ ಆಕಾರದ ತುಂಡು. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿದ್ದ ರಾಬರ್ಟ್ ಹುಕ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಇದನ್ನು ಹುಕ್ಸ್ ಜಾಯಿಂಟ್ ಎಂದೂ ಕರೆಯುತ್ತಾರೆ. ಸ್ಪ್ರಿಂಗಿನ ನಿಯಮ ಓದುವಾಗ ನೀವು ಕೇಳುವ ಹುಕ್ ಅವರೇ ಇವರು.

ಈ ಜಾಯಿಂಟಿಗೆ ಒಂದು ಹುಟ್ಟುಗುಣ ಇದೆ. ಅದು ನೆಟ್ಟಗಿದ್ದಾಗ ಒಳಗಿನ ಸಲಾಕೆ ಎಷ್ಟು ವೇಗವೋ ಹೊರಗಿನದೂ ಅಷ್ಟೇ ವೇಗ. ಮಣಿದಾಗ ಹಾಗಲ್ಲ. ಒಳಗಿನದು ಒಂದೇ ಸಮ ತಿರುಗುತ್ತಿದ್ದರೂ ಹೊರಗಿನದು ಒಂದು ಸುತ್ತಿನಲ್ಲಿ ಎರಡು ಸಲ ನಿಧಾನ, ಎರಡು ಸಲ ಜೋರು. ಎಷ್ಟು ಎಂಬುದನ್ನು ಕೋನದ ಕೊಸೈನ್ ಹೇಳುತ್ತದೆ. ಅತಿ ಕಡಿಮೆ ವೇಗವೆಂದರೆ ಕೊಸೈನಿನಷ್ಟು ಪಟ್ಟು, ಅತಿ ಹೆಚ್ಚೆಂದರೆ ಒಂದನ್ನು ಕೊಸೈನಿನಿಂದ ಭಾಗಿಸಿದಷ್ಟು. 15 ಡಿಗ್ರಿಯಲ್ಲಿ ಏರಿಳಿತ ಶೇಕಡ ಮೂರೂವರೆಯ ಹತ್ತಿರ, ಕೈಗೆ ಗೊತ್ತೇ ಆಗುವುದಿಲ್ಲ. 27 ಡಿಗ್ರಿಗೆ ಹೋದರೆ ಶೇಕಡ 11 ಕಡಿಮೆ, ಶೇಕಡ 12 ಹೆಚ್ಚು. 35 ಡಿಗ್ರಿಗೆ ಹೋದರೆ ಶೇಕಡ 18 ಕಡಿಮೆ, ಶೇಕಡ 22 ಹೆಚ್ಚು. ಅಂದರೆ ಕೋನ ದೊಡ್ಡದಾದಂತೆ ಒದೆತ ಅದಕ್ಕಿಂತ ಬೇಗ ಬೆಳೆಯುತ್ತದೆ. ಕೆಸರಿನಲ್ಲಿ ಫೋರ್ ವೀಲ್ ಹಾಕಿ ಫುಲ್ ಲಾಕ್ ಮಾಡಿದಾಗ ಸ್ಟೇರಿಂಗ್ ಕೈಯಲ್ಲಿ ಗುದ್ದುತ್ತದೆ ಎಂದು ಡ್ರೈವರುಗಳು ಹೇಳುವುದು ಇದನ್ನೇ. ಇನ್ನೂ ಮುಂದೆ ಹೋದರೆ ಎರಡು ಕವಲುಗಳ ತೋಳುಗಳೇ ಒಂದಕ್ಕೊಂದು ತಗಲುತ್ತವೆ. ಆಗ ಅದು ಜಾಯಿಂಟಾಗಿ ಉಳಿಯುವುದಿಲ್ಲ, ಒಂದು ಸನ್ನೆಕೋಲಾಗುತ್ತದೆ. ಎಂಜಿನ್ನು ಮೊದಲ ಗೇರಿನಲ್ಲಿ, ಲೋ ರೇಂಜಿನಲ್ಲಿ ತನ್ನ ಬಲವನ್ನೆಲ್ಲ ಹಾಕಿ ಅದನ್ನು ಮೀಟುತ್ತದೆ. ಮೇಜಿನ ಮೇಲಿರುವ ಕವಲಿನ ಕಿವಿ ಹರಿದಿರುವುದು ಹಾಗೆಯೇ.

ಅದಕ್ಕೇ ಈ ಹಳೆ ಜೀಪುಗಳಲ್ಲಿ ತಯಾರಕರು ತಿರುವಿನ ಕೋನವನ್ನು 30 ಡಿಗ್ರಿಗಿಂತ ಕಡಿಮೆಯಲ್ಲೇ ಕಟ್ಟಿಹಾಕಿದ್ದಾರೆ. ಮಾದರಿ ಮಾದರಿಗೆ ಅಂಕಿ ಬೇರೆ. ನಿಮ್ಮ ಗಾಡಿಯ ಸರ್ವೀಸ್ ಪುಸ್ತಕದಲ್ಲಿ ಇರುವ ಅಂಕಿಯೇ ಅಂಕಿ. ನಾನು ಲೆಕ್ಕಕ್ಕೆ 27 ಎಂದು ಇಟ್ಟುಕೊಳ್ಳುತ್ತೇನೆ.

"ಬರೀ ಮೂರು ಡಿಗ್ರಿ ಜಾಸ್ತಿ ಮಾಡಿದರೆ ಏನು ಮಹಾ?" ಎಂದು ಕೇಳುವವರಿದ್ದಾರೆ. ಅವರಿಗೆ ಲಾಭ ಎಷ್ಟು ಎಂದೂ ಲೆಕ್ಕ ಹಾಕಿ ತೋರಿಸಬೇಕು. ತಿರುವಿನಲ್ಲಿ ಎರಡು ಮುಂಚಕ್ರಗಳೂ ಒಂದೇ ಕೋನದಲ್ಲಿ ತಿರುಗುವುದಿಲ್ಲ. ಒಳಗಡೆಯದು ಚಿಕ್ಕ ವೃತ್ತದಲ್ಲಿ ಓಡುತ್ತದೆ, ಹೊರಗಡೆಯದು ದೊಡ್ಡ ವೃತ್ತದಲ್ಲಿ. ಹಾಗಾಗಿ ಒಳಚಕ್ರ ಹೆಚ್ಚು ತಿರುಗಬೇಕು. ಇದನ್ನು ಕಂಡುಕೊಂಡವರು ಮೋಟಾರಿನವರಲ್ಲ, ಕುದುರೆ ಸಾರೋಟು ಮಾಡುತ್ತಿದ್ದವರು. ಜರ್ಮನಿಯ ಮ್ಯೂನಿಕ್ಕಿನ ಲಾಂಕೆನ್‌ಸ್ಪರ್ಗರ್ ಎಂಬಾತ 1817ರಲ್ಲಿ ಮಾಡಿದ. ಮರುವರ್ಷ ಇಂಗ್ಲೆಂಡಿನಲ್ಲಿ ಆಕರ್ಮನ್ ಎಂಬಾತ ಅದಕ್ಕೆ ಪೇಟೆಂಟ್ ಪಡೆದ. ಈಗ ಎಲ್ಲರೂ ಹೇಳುವುದು ಆಕರ್ಮನ್ ಹೆಸರನ್ನೇ, ಮಾಡಿದವನ ಹೆಸರು ಹಿಂದೆ ಬಿತ್ತು. ಇರಲಿ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವೆ 80 ಅಂಗುಲ, ಎಡಚಕ್ರಕ್ಕೂ ಬಲಚಕ್ರಕ್ಕೂ 48 ಅಂಗುಲ ಎಂದು ಇಟ್ಟುಕೊಳ್ಳಿ. ಚಿಕ್ಕ ಜೀಪಿನ ಅಳತೆ ಹೆಚ್ಚುಕಡಿಮೆ ಇದೇ. ಒಳಚಕ್ರ 27 ಡಿಗ್ರಿ ತಿರುಗಿದರೆ ಹೊರಚಕ್ರ ಸುಮಾರು 21 ಡಿಗ್ರಿ ತಿರುಗಬೇಕು. ಆಗ ಹೊರಚಕ್ರ ಬರೆಯುವ ವೃತ್ತದ ತ್ರಿಜ್ಯ ಸುಮಾರು ಹದಿನೆಂಟೂವರೆ ಅಡಿ. ಒಳಚಕ್ರವನ್ನು 30 ಡಿಗ್ರಿಗೆ ಒಯ್ದರೆ ತ್ರಿಜ್ಯ 17 ಅಡಿ. ಉಳಿದದ್ದು ಒಂದೂವರೆ ಅಡಿ. ಆ ಒಂದೂವರೆ ಅಡಿಗಾಗಿ ಜಾಯಿಂಟು, ಹೋಸು, ಬಾಕ್ಸು ಮೂರನ್ನೂ ಪಣಕ್ಕಿಡಬೇಕೇ? ತೋಟದ ಮೂಲೆಯಲ್ಲಿ ಗುದ್ದಲಿ ಹಿಡಿದು ಎರಡು ಅಡಿ ಬದು ಸರಿಸಿದರೆ ಅರ್ಧ ದಿನದ ಕೆಲಸ. ಹತ್ತನೇ ತರಗತಿಯವರು ಈ ಲೆಕ್ಕವನ್ನು ಮನೆಯಲ್ಲಿ ಮಾಡಿ ನೋಡಿ. ಎರಡು ಕೋನಗಳ ಕೊಟ್ಯಾಂಜೆಂಟುಗಳ ವ್ಯತ್ಯಾಸ, 48ನ್ನು 80ರಿಂದ ಭಾಗಿಸಿದಷ್ಟು. ಅಲ್ಲಿಂದ ಶುರುಮಾಡಿ.

ಈಗ ಹೊಂದಿಸುವ ಕೆಲಸ. ಬೋಲ್ಟಿಗೆ ಕೈ ಹಾಕುವ ಮುಂಚೆ ಉಳಿದದ್ದೆಲ್ಲ ಗಟ್ಟಿ ಇದೆಯೇ ನೋಡಿಕೊಳ್ಳಬೇಕು. ವೀಲ್ ಬೇರಿಂಗಿನ ಆಟ, ಕಿಂಗ್‌ಪಿನ್ನಿನ ಆಟ, ಟೈ ರಾಡಿನ ಗುಂಡುಗಳ ಸವೆತ ಎಲ್ಲವನ್ನೂ. ಅಲ್ಲಾಡುವ ಗೆಣ್ಣಿನ ಮೇಲೆ ಕೋನ ಅಳೆಯುವುದೆಂದರೆ ಓಡುವ ಎಮ್ಮೆಯ ಕೊಂಬು ಅಳೆದಂತೆ. ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಒಂದು ಚೂರು ಒಳಗಿರಬೇಕು, ಅಂಗುಲದ ಹದಿನಾರನೇ ಒಂದು ಭಾಗದ ಸುಮಾರು. ಅದನ್ನು ಟೋ ಇನ್ ಎನ್ನುತ್ತಾರೆ. ಟೈ ರಾಡಿನಲ್ಲಿ ಅದನ್ನು ಮೊದಲು ಸರಿಮಾಡಿ. ಆಮೇಲೆ ಸ್ಟಾಪರು. ಈ ಅನುಕ್ರಮ ತಪ್ಪಿದರೆ ಎರಡು ಸಲ ಮಾಡಬೇಕಾಗುತ್ತದೆ, ಯಾಕೆಂದರೆ ಟೈ ರಾಡಿನ ಉದ್ದ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ.

ಸಮತಟ್ಟಾದ ಸಿಮೆಂಟು ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಮುಂದಿನ ಆಕ್ಸಲ್ಲನ್ನು ಜಾಕಿಯಿಂದ ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಹೋಗಬೇಡಿ. ಇಟ್ಟಿಗೆ ಬೇಡ, ಹಾಲೋ ಬ್ಲಾಕಂತೂ ಬೇಡವೇ ಬೇಡ, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ. ಚಕ್ರ ನೆಟ್ಟಗಿರುವಾಗ ಅದರ ಪಕ್ಕಕ್ಕೆ, ರಿಮ್ಮಿನ ಅಂಚಿಗೆ ಒತ್ತಿ ಒಂದು ನೇರವಾದ ಪಟ್ಟಿ ಹಿಡಿಯಿರಿ. ಪಟ್ಟಿಯ ಎರಡು ತುದಿಯಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಎರಡು ಚುಕ್ಕಿ ಹಾಕಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಈಗ ಸ್ಟೇರಿಂಗನ್ನು ಬೋಲ್ಟು ತಗಲುವವರೆಗೆ ತಿರುಗಿಸಿ, ಹಾಗೆಯೇ ಇನ್ನೊಂದು ಗೆರೆ. ಎರಡು ಗೆರೆ ಕೂಡುವ ಕಡೆಯ ಕೋನವೇ ನಿಮಗೆ ಬೇಕಾದದ್ದು. ಕಂಪಾಸ್ ಬಾಕ್ಸಿನ ಕೋನಮಾಪಕ ಚಿಕ್ಕದಾಯಿತು ಎನಿಸಿದರೆ ಇನ್ನೊಂದು ಉಪಾಯ ಇದೆ. ಗೆರೆಗಳು ಕೂಡುವ ಬಿಂದುವಿನಿಂದ ಮೊದಲ ಗೆರೆಯ ಮೇಲೆ 20 ಅಂಗುಲ ಅಳೆದು, ಅಲ್ಲಿಂದ ಲಂಬವಾಗಿ ಎರಡನೇ ಗೆರೆಯವರೆಗೆ ಅಳೆಯಿರಿ. 10 ಅಂಗುಲ ಬಂದರೆ ಕೋನ ಇಪ್ಪತ್ತಾರೂವರೆ ಡಿಗ್ರಿ. ಟ್ಯಾಂಜೆಂಟ್ ಅರ್ಧ ಎಂದರೆ ಅಷ್ಟೇ. ಎಡಕ್ಕೆ ತಿರುಗಿಸಿದಾಗ ಎಡಚಕ್ರವನ್ನು, ಬಲಕ್ಕೆ ತಿರುಗಿಸಿದಾಗ ಬಲಚಕ್ರವನ್ನು ಅಳೆಯಬೇಕು. ಹೆಚ್ಚು ತಿರುಗುವುದು ಒಳಚಕ್ರ, ಅದನ್ನು ತಡೆದರೆ ಎರಡನ್ನೂ ತಡೆದಂತೆ.

ಕೋನ ಹೆಚ್ಚಿದ್ದರೆ ಚೆಕ್ ನಟ್ ಸಡಿಲಿಸಿ, ಬೋಲ್ಟನ್ನು ಹೊರಕ್ಕೆ ತಿರುಗಿಸಿ. ತಲೆ ಮುಂದೆ ಬರುತ್ತದೆ, ಚಕ್ರ ಬೇಗ ನಿಲ್ಲುತ್ತದೆ. ಕಡಿಮೆ ಇದ್ದರೆ ಒಳಕ್ಕೆ. ಅರ್ಧ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ, ಅವಸರ ಬೇಡ. ಕೊನೆಗೆ ಬೋಲ್ಟನ್ನು ಒಂದು ಪಾನಾದಲ್ಲಿ ಹಿಡಿದುಕೊಂಡೇ ಚೆಕ್ ನಟ್ ಬಿಗಿಮಾಡಿ. ಇಲ್ಲದಿದ್ದರೆ ನಟ್ಟಿನ ಜೊತೆ ಬೋಲ್ಟೂ ತಿರುಗಿ, ಮಾಡಿದ ಅಳತೆ ಹಾಳಾಗುತ್ತದೆ. ಹೊರಕ್ಕೆ ತಿರುಗಿಸುತ್ತಾ ಹೋದಾಗ ಒಳಗೆ ಉಳಿದ ಮರೆ, ಅಂದರೆ ಥ್ರೆಡ್ಡು, ಬೋಲ್ಟಿನ ದಪ್ಪಕ್ಕಿಂತ ಕಡಿಮೆಯಾಗಬಾರದು. ಆದರೆ ಉದ್ದನೆಯ ಹೈ ಟೆನ್ಸೈಲ್ ಬೋಲ್ಟು ತನ್ನಿ. ಗುಜರಿ ಡಬ್ಬಿಯಲ್ಲಿ ಸಿಕ್ಕ ಯಾವುದೋ ಬೋಲ್ಟು ಮೊದಲ ಕಲ್ಲಿಗೇ ಬಾಗುತ್ತದೆ.

ಅಂಕಿ ಸರಿಬಂದ ಮಾತ್ರಕ್ಕೆ ಮುಗಿಯಲಿಲ್ಲ. ಪುಸ್ತಕದ ಅಂಕಿ ಹೊಸ ಗಾಡಿಯದು, ನಿಮ್ಮ ಮುಂದಿರುವುದು ನಾಲ್ಕು ಕೈ ಬದಲಾದ ಗಾಡಿ. ಫುಲ್ ಲಾಕಿನಲ್ಲಿ ಚಕ್ರವನ್ನು ಕೈಯಿಂದ ನಿಧಾನ ಉರುಳಿಸಿ, ಕಿವಿ ಕೊಟ್ಟು ಕೇಳಿ. ಹಬ್ಬನ್ನು ಫ್ರೀ ಮಾಡುವ ಸೌಲಭ್ಯ ಇದ್ದರೆ ಅದನ್ನು ಲಾಕಿಗೆ ಹಾಕಿ, ಆಗಲೇ ಒಳಗಿನ ಸಲಾಕೆಯೂ ತಿರುಗುವುದು. ಎಲ್ಲಾದರೂ ಕಟಕ್ ಎಂದು ಸಿಕ್ಕಿಕೊಂಡರೆ ಕೋನ ಇನ್ನೂ ಇಳಿಸಿ. ಟೈರಿಗೂ ಸ್ಪ್ರಿಂಗ್ ಪಟ್ಟಿಗೂ ನಡುವೆ ಒಂದು ಅಂಗುಲವಾದರೂ ಜಾಗ ಇರಲಿ, ಇದು ನನ್ನ ಗ್ಯಾರೇಜಿನ ಲೆಕ್ಕ. ಆಮೇಲೆ ಗಾಡಿ ಇಳಿಸಿ, ಒಂದು ಮುಂಚಕ್ರವನ್ನು ಮರದ ದಿಮ್ಮಿಯ ಮೇಲೆ ಹತ್ತಿಸಿ ಮತ್ತೆ ಎರಡೂ ಕಡೆ ಫುಲ್ ಲಾಕ್ ಮಾಡಿ ನೋಡಿ. ನೆಲದ ಮೇಲೆ ತಗಲದ ಟೈರು ಆಕ್ಸಲ್ ವಾರೆಯಾದಾಗ ತಗಲುತ್ತದೆ. ಇನ್ನೊಂದು ಚಕ್ರ ಇಳಿಬಿದ್ದಾಗ ಬ್ರೇಕ್ ಹೋಸು ಬಿಲ್ಲಿನ ಹೆದೆಯಂತೆ ಬಿಗಿಯಾಗಬಾರದು, ಅದರಲ್ಲಿ ಸ್ವಲ್ಪ ಜೋಲು ಉಳಿದಿರಬೇಕು.

ಕೊನೆಯ ಪರೀಕ್ಷೆ ಸ್ಟೇರಿಂಗ್ ಬಾಕ್ಸಿನದು. ಇದನ್ನು ಬಹಳ ಜನ ಬಿಡುತ್ತಾರೆ. ಡ್ರಾಗ್ ಲಿಂಕನ್ನು ಬಿಚ್ಚಿ, ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಿ ಸುತ್ತು ಎಣಿಸಿ. ಮತ್ತೆ ಜೋಡಿಸಿ ಎಣಿಸಿ. ಜೋಡಿಸಿದಾಗ ಸುತ್ತು ಕಡಿಮೆ ಬರಬೇಕು, ಎರಡು ತುದಿಯಲ್ಲೂ ಬಾಕ್ಸಿಗೆ ಸ್ವಲ್ಪ ದಾರಿ ಉಳಿದಿರಬೇಕು. ಸುತ್ತು ಎರಡೂ ಸಲ ಒಂದೇ ಬಂದರೆ ತಿಳಿಯಿರಿ, ನಿಮ್ಮ ಸ್ಟಾಪರು ಬೋಲ್ಟಲ್ಲ, ಬಾಕ್ಸು. ಒಂದು ಕಡೆ ಮಾತ್ರ ದಾರಿ ಉಳಿದಿದ್ದರೆ ಬಾಕ್ಸು ನಡುವಿನಲ್ಲಿ ಕೂತಿಲ್ಲ ಎಂದರ್ಥ. ಅದನ್ನು ಲಿಂಕಿನಲ್ಲಿ, ತೋಳಿನಲ್ಲಿ ಸರಿಮಾಡಬೇಕು. ಸ್ಟಾಪರ್ ಬೋಲ್ಟು ತಿರುಗಿಸಿ ಅದನ್ನು ಮುಚ್ಚಿಹಾಕುವುದು ಜ್ವರ ಬಂದಾಗ ಥರ್ಮಾಮೀಟರ್ ಅಲುಗಾಡಿಸಿದಂತೆ.

ಈಗ ಹುಡುಗರು ಹಳೆ ಜೀಪು ಕೊಂಡು ಎತ್ತರ ಮಾಡಿಸಿ, ಅಗಲದ ಟೈರು ಹಾಕಿಸಿಕೊಂಡು ಬರುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಟೈರು ಅಗಲವಾದಷ್ಟೂ ಕೋನ ಇಳಿಸಲೇಬೇಕು, ತಿರುಗುವ ವೃತ್ತ ದೊಡ್ಡದಾಗಲೇಬೇಕು. ಮೇಲಿನ ಲೆಕ್ಕದಲ್ಲೇ 27ರಿಂದ 24 ಡಿಗ್ರಿಗೆ ಇಳಿಸಿದರೆ ತ್ರಿಜ್ಯ 20 ಅಡಿಗೆ ಹೋಗುತ್ತದೆ. ಅಗಲದ ಟೈರೂ ಬೇಕು, ಮೊದಲಿನಂತೆ ತಿರುಗಲೂ ಬೇಕು ಎಂದರೆ ಆಗದು. ಹಳೆ ಜೀಪಿಗೆ ಪವರ್ ಸ್ಟೇರಿಂಗ್ ಹಾಕಿಸಿದವರು ಇನ್ನೂ ಎಚ್ಚರ ವಹಿಸಬೇಕು. ಕೈಯ ಬಲಕ್ಕೆ ಒಂದು ಮಿತಿ ಇದೆ, ಆಯಿಲ್ ಒತ್ತಡಕ್ಕೆ ಆ ನಾಚಿಕೆ ಇಲ್ಲ. ತೆಳ್ಳನೆ ಬೋಲ್ಟನ್ನು ಅದು ಬಾಗಿಸಿಬಿಡುತ್ತದೆ. ಫುಲ್ ಲಾಕಿನಲ್ಲಿ ಪಂಪು ಕಿರುಗುಟ್ಟುತ್ತಿದ್ದರೂ ಹಿಡಿದೇ ಕೂರಬೇಡಿ, ಒಂದು ಚೂರು ವಾಪಸ್ ಬಿಡಿ.

ನಿರ್ವಹಣೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನಮ್ಮ ಕಡೆಯ ಕೆಂಪು ಧೂಳು ಗ್ರೀಸಿನ ಜೊತೆ ಸೇರಿ ಅರೆಯುವ ಕಲ್ಲಾಗುತ್ತದೆ. ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಅಡಿಕೆ ಕೊಯ್ಲಿಗೆ ಮುಂಚೆ ಒಮ್ಮೆ, ತಂತಿ ಬ್ರಷ್ಷಿನಲ್ಲಿ ಬೋಲ್ಟಿನ ತಲೆ ಉಜ್ಜಿ ನೋಡಿ. ತಲೆ ಅಣಬೆಯಂತೆ ಅಗಲವಾಗಿದೆಯೇ, ಎದುರಿನ ಉಬ್ಬಿನಲ್ಲಿ ಗುಳಿ ಬಿದ್ದಿದೆಯೇ, ಬೋಲ್ಟು ವಾಲಿದೆಯೇ? ಗುಳಿ ಬಿದ್ದಷ್ಟೂ ಕೋನ ಹೆಚ್ಚಾಗಿದೆ ಎಂದರ್ಥ. ಮರೆಗೆ ಸ್ವಲ್ಪ ಗ್ರೀಸು ಹಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿದು ಬೇಕಾದಾಗ ಬಿಚ್ಚಲು ಬರುವುದಿಲ್ಲ. ನಟ್ಟಿನಿಂದ ಹೌಸಿಂಗಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೀರು ಎಳೆಯಿರಿ. ಗೀರು ಮುರಿದು ಕಂಡರೆ ನಟ್ಟು ಸಡಿಲವಾಗಿದೆ, ಬಗ್ಗಿ ನೋಡಿದರೆ ಸಾಕು, ಪಾನಾವೇ ಬೇಡ. ಟೈರಿನ ಸೈಜು ಬದಲಿಸಿದಾಗ, ಸ್ಪ್ರಿಂಗ್ ಪಟ್ಟಿ ಹಾಕಿಸಿದಾಗ, ಚಕ್ರ ಗುಂಡಿಗೆ ಜೋರಾಗಿ ಬಿದ್ದಾಗ ವರ್ಷ ಕಾಯದೆ ನೋಡಿ.

ಬೋಲ್ಟು ಪದೇಪದೇ ಸಡಿಲವಾಗುತ್ತದೆ ಎಂದು ಅದಕ್ಕೆ ವೆಲ್ಡಿಂಗ್ ಹೊಡೆದಿರುವುದನ್ನು ನೋಡಿದ್ದೇನೆ. ನನಗೆ ಇದು ಒಪ್ಪಿಗೆಯಿಲ್ಲ. ಹೊಂದಿಸಲೆಂದೇ ಮಾಡಿದ ವಸ್ತುವನ್ನು ಶಾಶ್ವತ ಮಾಡಿದರೆ ಮುಂದಿನ ಟೈರಿಗೆ, ಮುಂದಿನ ಸ್ಪ್ರಿಂಗಿಗೆ ಏನು ಮಾಡುತ್ತೀರಿ? ವೆಲ್ಡಿಂಗಿನ ಕಾವು ಬೋಲ್ಟಿನ ಗಟ್ಟಿತನವನ್ನೂ ಕೆಡಿಸುತ್ತದೆ, ಪಕ್ಕದ ಸೀಲಿಗೂ ಒಳ್ಳೆಯದಲ್ಲ. ಮರೆ ಹೋಗಿದ್ದರೆ ಲೇತ್ ಅಂಗಡಿಯಲ್ಲಿ ಹೊಸ ಮರೆ ಹಾಕಿಸಿ. ಸ್ವಲ್ಪ ಖರ್ಚು, ಸ್ವಲ್ಪ ಕಾಯುವುದು.

ಡ್ರೈವರುಗಳಿಗೂ ಒಂದು ಮಾತು. ಹಳೆ ಜೀಪಿನಲ್ಲಿ ಮುಂದಿನ ಹಿಂದಿನ ಆಕ್ಸಲ್ಲಿನ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಗೇರು ಇಲ್ಲ. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಫುಲ್ ಲಾಕ್ ತಿರುಗಿಸಿದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಗ್ಗಜಗ್ಗಾಟ ಶುರುವಾಗುತ್ತದೆ, ಆ ತಿರುಚಾಟ ಹೋಗಿ ಕೂರುವುದು ಅದೇ ಜಾಯಿಂಟಿನಲ್ಲಿ. ಕೆಸರು, ಮರಳು, ಸಡಿಲ ಮಣ್ಣಿನಲ್ಲಿ ಮಾತ್ರ ಹಾಕಿ. ಎಳೆತ ಹೆಚ್ಚು ಬೇಕಾದಾಗ ಸ್ಟೇರಿಂಗನ್ನು ಒಂದು ಚೂರು ನೆಟ್ಟಗೆ ಮಾಡಿಕೊಂಡು ಆಕ್ಸಿಲರೇಟರ್ ಕೊಡಿ. ಬೋಲ್ಟು ಕೋನಕ್ಕೆ ತಡೆ ಹಾಕಬಲ್ಲದು, ನಿಮ್ಮ ಕಾಲಿಗಲ್ಲ.

ಆ ಅಡಿಕೆ ಬೆಳೆಗಾರರ ಜೀಪಿಗೆ ಹೊಸ ಹೋಸುಗಳು, ಹೊಸ ಬೋಲ್ಟುಗಳು, ಹಳೆಯ ಅಳತೆಯ ಟೈರು ಹಾಕಿಕೊಟ್ಟೆ. ಮೂಲೆಯ ಬದುವನ್ನು ಅವರೇ ಸರಿಸಿಕೊಂಡರು.

ಇನ್ನು ಪ್ರಶ್ನೆ ಇದ್ದವರು ಕೇಳಿ. ಹರಿದ ಕವಲು, ಸವೆದ ಹೋಸು, ಅಣಬೆಯಾದ ಬೋಲ್ಟು ಎಲ್ಲ ಈ ಮೇಜಿನ ಮೇಲಿವೆ. ಮಕ್ಕಳು ಸಾಲಾಗಿ ಬಂದು ಕೈಯಲ್ಲಿ ಹಿಡಿದು ನೋಡಬಹುದು. ಗ್ರೀಸು ಇದೆ, ಯೂನಿಫಾರ್ಮಿಗೆ ಒರೆಸಿಕೊಳ್ಳಬೇಡಿ, ಬಟ್ಟೆ ಚೂರು ತಂದಿದ್ದೇನೆ.